ಕತ್ತು ಮುಟ್ಟುವ ಮೊದಲು ಕಾಲು ನೋಡುತ್ತೇನೆ

ಪಾವಗಡದಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ಇಟ್ಟು 12 ವರ್ಷವಾಯಿತು. ನನ್ನ ಮೇಜಿನ ಮೇಲೆ ಯಾವಾಗಲೂ ಒಂದು 5 ರೂಪಾಯಿ ನಾಣ್ಯ ಇರುತ್ತದೆ. ಕತ್ತು ನೋವು, ಬೆನ್ನು ಬಿಗಿತ ಅಂತ ಬಂದವರ ಮುಂದೆ ಅದನ್ನು ನೆಲಕ್ಕೆ ಹಾಕಿ, "ಮಂಡಿ ಮಡಿಸದೆ ಎತ್ತಿಕೊಡಿ" ಅನ್ನುತ್ತೇನೆ. ಆಮೇಲೆ ಗದ್ದವನ್ನು ಎದೆಗೆ ತಾಗಿಸಬೇಕು, ಎರಡೂ ಕೈ ತಲೆಯ ಹಿಂದೆ ಕಟ್ಟಬೇಕು. ಫ್ಲೋರೋಸಿಸ್, ಅಂದರೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿಯಾಗಿ ಮೂಳೆ ಕೆಡುವ ಕಾಯಿಲೆ, ಇರುವ ಊರುಗಳಲ್ಲಿ ಮಾಡುವ ಪರೀಕ್ಷೆಗಳೇ ಇವು. ನಾನು ಇವನ್ನು ರೂಢಿ ಮಾಡಿಕೊಂಡದ್ದು ಒಂದು ತಪ್ಪು ಮಾಡಿದ ಮೇಲೆ.

ಕ್ಲಿನಿಕ್ ಶುರುವಾದ ಎರಡನೇ ವರ್ಷ. ಶೇಂಗಾ ಬೆಳೆಯುವ ಯಜಮಾನರೊಬ್ಬರು ಬಂದರು, 55ರ ಆಸುಪಾಸು. ಕತ್ತು ತಿರುಗುತ್ತಿರಲಿಲ್ಲ. ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಸ್ಪಾಂಡಿಲೋಸಿಸ್, ಅಂದರೆ ಕತ್ತಿನ ಮೂಳೆ ಸವೆತ ಅಂದುಕೊಂಡೆ. ಕತ್ತು ನೋವೆಂದರೆ ಎಲ್ಲರೂ ಹೇಳುವುದು ಅದನ್ನೇ ಅಲ್ವಾ? ಶಾಖ ಕೊಟ್ಟು, ಕತ್ತನ್ನು ಎಳೆದು ಹಿಡಿಯುವ ಟ್ರಾಕ್ಷನ್ ಹಾಕಿದೆ. ಮೂರನೇ ದಿನ ಕತ್ತು ಸ್ವಲ್ಪ ಮುಂದೆ ಬಗ್ಗಿಸಿದ್ದೇ ತಡ, "ಕರೆಂಟ್ ಹೊಡ್ದಂಗೆ ಬೆನ್ನಲ್ಲಿ ಇಳೀತು ಡಾಕ್ಟ್ರಮ್ಮ" ಅಂದರು.

ಕೈ ತೆಗೆದೆ. ಮೊದಲ ದಿನವೇ ಕೇಳಬೇಕಿದ್ದನ್ನು ಆಗ ಕೇಳಿದೆ. ಆರು ತಿಂಗಳಿಂದ ಅಂಗಿಯ ಗುಂಡಿ ಹಾಕುವುದು ಹೆಂಡತಿಯಂತೆ. ಹತ್ತಿಯ ಮೇಲೆ ನಡೆದ ಹಾಗಾಗುತ್ತದಂತೆ. ಚಪ್ಪಲಿ ಜಾರಿ ಹಿಂದೆ ಉಳಿದರೂ ಗೊತ್ತಾಗುವುದಿಲ್ಲವಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ನೀವು ಕತ್ತಿನ ವಿಷ್ಯ ಕೇಳಿದ್ರಿ. ಕಾಲಿನದು ಕೇಳ್ಲಿಲ್ವಲ್ಲ" ಅಂದರು.

ಎಕ್ಸ್‌ರೇಯಲ್ಲಿ ಮೂಳೆಗಳು ಸೀಮೆಸುಣ್ಣದಷ್ಟು ಬೆಳ್ಳಗಿದ್ದವು. ಮುಂಗೈಯ ಎರಡು ಮೂಳೆಗಳ ನಡುವೆ ಇರುವ ಪೊರೆಯಲ್ಲಿ ಜಾಲಿಮುಳ್ಳಿನಂತೆ ಮೂಳೆ ಎದ್ದಿತ್ತು. ಅದು ಫ್ಲೋರೋಸಿಸ್ಸಿನ ಗುರುತು. ಬೆಂಗಳೂರಿಗೆ ಕಳಿಸಿ ಸಿಟಿ, ಎಂಆರ್‌ಐ ಮಾಡಿಸಿದಾಗ ಉಳಿದದ್ದು ತಿಳಿಯಿತು.

ಬೆನ್ನುಹುರಿ ಇಳಿಯುವ ಕೊಳವೆಯ ಮುಂದಿನ ಗೋಡೆಗೆ ಅಂಟಿಕೊಂಡು ಒಂದು ಲಿಗಮೆಂಟ್ ಇದೆ, ಹಿಂದಿನ ಗೋಡೆಯಲ್ಲಿ ಇನ್ನೊಂದು. ಎರಡೂ ಬಾಗುವ ಪಟ್ಟಿಗಳು. ಇವರಿಗೆ ಕತ್ತಿನ 3ನೇ ಮೂಳೆಯಿಂದ 6ನೆಯದರ ತನಕ ಎರಡೂ ಮೂಳೆಯೇ ಆಗಿಬಿಟ್ಟಿದ್ದವು. ಬೋರ್ ಪೈಪಿನೊಳಗೆ ಉಪ್ಪು ಕಟ್ಟುತ್ತದಲ್ಲ, ಹಾಗೆ ಕೊಳವೆ ಕಿರಿದಾಗಿತ್ತು. ಬೆನ್ನುಹುರಿ ನಡುವೆ ಸಿಕ್ಕಿಕೊಂಡಿತ್ತು. ಇಂಥ ಕತ್ತಿಗೆ ಸಣ್ಣದಾಗಿ ಬಿದ್ದ ಪೆಟ್ಟೂ ಸಾಕು, ಕೈಕಾಲು ಬಿದ್ದುಹೋಗಬಹುದು. ನಾನು ಅದನ್ನು ಮೂರು ದಿನ ಎಳೆದಿದ್ದೆ. ಕಟಿಂಗ್ ಶಾಪಿನಲ್ಲಿ ಕತ್ತಿನ ನೆಟಿಗೆ ತೆಗೆಸುವವರನ್ನು ಕಂಡರೆ ನನಗೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಅವರ ತೋಟದ ಬೋರ್ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇತ್ತು. ನಮ್ಮ ದೇಶದ ಮಾನದಂಡದಲ್ಲಿ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಒಪ್ಪುತ್ತಾರೆ. ಇಪ್ಪತ್ತು ವರ್ಷ ಆ ನೀರು, ಅದೂ ಈ ಬಿಸಿಲಿನಲ್ಲಿ ದುಡಿಯುವವರು ಕುಡಿಯುವಷ್ಟು. ಕಾಯಿಸಿ ಕುಡಿಯುತ್ತಿದ್ದೆವು ಅಂತ ಅವರ ಹೆಂಡತಿ ಹೇಳಿದರು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ.

ಎಲ್ಲವನ್ನೂ ನೀರಿನ ತಲೆಗೆ ಕಟ್ಟುವುದೂ ತಪ್ಪು. ಫ್ಲೋರೈಡ್ ಇಲ್ಲದ ಊರಿನವರಿಗೂ ಬೆನ್ನುಹುರಿಯ ಮುಂದಿನ ಈ ಲಿಗಮೆಂಟ್ ಮೂಳೆಯಾಗುತ್ತದೆ. ಜಪಾನಿನಲ್ಲಿ ಇದು ಜಾಸ್ತಿ. ಸಕ್ಕರೆ ಕಾಯಿಲೆಗೂ ಇದಕ್ಕೂ ನಂಟಿದೆ. ಇನ್ನು ಹುಡುಗರ ವಯಸ್ಸಿನಲ್ಲೇ ಬೆಳಿಗ್ಗೆ ಎದ್ದಾಗ ಸೊಂಟ ಬಿಗಿದು, ಓಡಾಡಿದ ಮೇಲೆ ಸಡಿಲವಾಗುತ್ತಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ ಇರಬಹುದು. ಅದರ ದಾರಿ, ಔಷಧ ಎರಡೂ ಬೇರೆ.

ಈಗ ಕತ್ತು ನೋವಿನವರು ಬಂದರೆ ನೆಲದ ಟೈಲ್ಸ್ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಡೆಸುತ್ತೇನೆ. 10 ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಕಟ್ಟಿ ಬಿಡುತ್ತಾರೆ ಅಂತ ಎಣಿಸುತ್ತೇನೆ. 20 ಆಗದಿದ್ದರೆ ಬೆನ್ನುಹುರಿ ಹಿಸುಕಿಕೊಂಡಿದೆಯೇನೋ ಅಂತ ಅನುಮಾನ. ನಡುಬೆರಳಿನ ಉಗುರನ್ನು ಚಿಮ್ಮಿದಾಗ ಹೆಬ್ಬೆರಳು ತಾನಾಗಿ ಒಳಗೆ ಮಡಚಿಕೊಂಡರೆ ಕತ್ತಿಗೆ ಕೈ ಹಚ್ಚುವುದೇ ಇಲ್ಲ. ಟ್ರಾಕ್ಷನ್ ಇಲ್ಲ, ತಿರುಚುವುದಿಲ್ಲ. ಚೀಟಿ ಬರೆದು ಸ್ಪೈನ್ ಸರ್ಜನ್ ಹತ್ತಿರ ಕಳಿಸುತ್ತೇನೆ. ಸುಮ್ನೆ ಕಾಯಬೇಡಿ ಅಂತಲೂ ಬರೆಯುತ್ತೇನೆ, ಏಕೆಂದರೆ ಬೆನ್ನುಹುರಿ ತುಂಬಾ ದಿನ ಹಿಸುಕಿಸಿಕೊಂಡರೆ ಆಪರೇಷನ್ ಆದರೂ ಪೂರ್ತಿ ಸುಧಾರಿಸುವುದಿಲ್ಲ.

ಯಜಮಾನರಿಗೆ ಮಾಡಿದ್ದು ಲ್ಯಾಮಿನೋಪ್ಲಾಸ್ಟಿ. ಕೊಳವೆಯ ಹಿಂದಿನ ಗೋಡೆಯನ್ನು ಬಾಗಿಲಿನಂತೆ ಒಂದು ಕಡೆ ತೆರೆದು ಜಾಗ ಮಾಡಿದರು. ಮುಂದಿನ ಮೂಳೆಯನ್ನು ಮುಟ್ಟಲಿಲ್ಲ. ಅದನ್ನು ಕೀಳಲು ಹೋದರೆ ಬೆನ್ನುಹುರಿಗೇ ಅಪಾಯ. ಆಮೇಲಿನ ಆರು ತಿಂಗಳು ನನ್ನ ಪಾಲಿನದು. ಬೆರಳಿಗೆ ಬಣ್ಣಬಣ್ಣದ ಚೆಂಡು ಕೊಟ್ಟರೆ ಮುಖ ಸಿಂಡರಿಸುತ್ತಿದ್ದರು. ಕೊನೆಗೆ ಒಂದು ಮೊರ ಶೇಂಗಾ ಇಟ್ಟೆ. ದಿನಾ ಸುಲಿದರು. ಕೆಳಗಿನ ಗುಂಡಿಗಳನ್ನು ಈಗ ತಾವೇ ಹಾಕಿಕೊಳ್ಳುತ್ತಾರೆ, ಮೇಲಿನ ಎರಡು ಆಗುವುದಿಲ್ಲ. ಕೋಲು ಬಿಟ್ಟಿಲ್ಲ. ಕತ್ತು ಈಗಲೂ ತಿರುಗುವುದಿಲ್ಲ, ಮುಂದೆಯೂ ತಿರುಗುವುದಿಲ್ಲ. ಮೂಳೆಯಾದದ್ದು ವ್ಯಾಯಾಮಕ್ಕೆ ಕರಗುವುದಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನು. ಒಲೆಯ ಮೇಲಿನ ಸಾರಿಗೆ ಮಾತ್ರ ಅದೇ ಬೋರ್ ನೀರು. "ಅಡುಗೆಗೂ ಕ್ಯಾನಿನ ನೀರೇ ಹಾಕಿ ಅಮ್ಮ" ಅಂದೆ. "ಇನ್ನೊಂದು ಕ್ಯಾನು ಹೊತ್ತು ತರೋರು ಯಾರು? ಇವ್ರಿಗೆ ಭಾರ ಎತ್ಬೇಡಿ ಅಂದೋರು ನೀವೇ" ಅಂದರು. ಇಪ್ಪತ್ತು ಲೀಟರ್. ಮೊಮ್ಮಗನ ಮೊಪೆಡ್ ರಿಪೇರಿಯಾಗಿ ಬರುವ ತನಕ ಬೋರ್ ನೀರೇ ಅಂತೆ.