ಹಾರಂಗಿ ಹಿನ್ನೀರಿನಲ್ಲಿ ಹಾಯಿದೋಣಿ ರೇಸ್: ಮುಂದೆ ಕೂತವಳ ಅನುಭವ

ಹಾಯಿದೋಣಿ ರೇಸಿನಲ್ಲಿ ಚುಕ್ಕಾಣಿ ಹಿಡಿದವರ ಹೆಸರಷ್ಟೇ ಎಲ್ಲರಿಗೂ ಗೊತ್ತಾಗುತ್ತದೆ. ನಾನು ಕೂರುವುದು ಅವರ ಮುಂದೆ, ಜಿಬ್ ಎಂಬ ಮುಂದಿನ ಚಿಕ್ಕ ಹಾಯಿಯ ಹಗ್ಗ ಹಿಡಿದುಕೊಂಡು. ಒಂದಷ್ಟು ಗೆಳೆಯರು ಸೇರಿ ಹಾರಂಗಿ ಹಿನ್ನೀರಿನಲ್ಲಿ ಚಳಿಗಾಲಕ್ಕೆ ನಡೆಸುವ ಪುಟ್ಟ ಕ್ಲಬ್ ರೇಸಿನಲ್ಲಿ ನಾನು ನನ್ನ ಸೋದರಮಾವನಿಗೆ ಕ್ರೂ, ಅಂದರೆ ದೋಣಿಯಲ್ಲಿ ಜೊತೆಗಾರ್ತಿ. ಮಾವ ನೌಕಾಪಡೆಯಿಂದ ನಿವೃತ್ತರಾದವರು. ದೋಣಿ ಹಳೆಯ ಎಂಟರ್‌ಪ್ರೈಸ್. 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ರೂಪಿಸಿದ ಮಾದರಿ ಅದು. ನಾಲ್ಕು ಮೀಟರ್ ಉದ್ದ, ಇಬ್ಬರೇ ಜನ, ನೀಲಿ ಹಾಯಿ. ಬೆನ್ನಗಾಳಿಗೆ ಉಬ್ಬುವ ದೊಡ್ಡ ಹಾಯಿ ಸ್ಪಿನೇಕರ್ ಇಲ್ಲ, ದೋಣಿಯಾಚೆ ಜೋತು ನಿಲ್ಲುವ ತಂತಿ ಟ್ರಪೀಜ್ ಇಲ್ಲ. ಹಾಗಾಗಿ ಕ್ರೂಗೆ ಹೆಚ್ಚು ಕೆಲಸವಿಲ್ಲ ಅನ್ನುವವರಿದ್ದಾರೆ. ಅಂಥವರು ಜನವರಿಯಲ್ಲಿ ಒಮ್ಮೆ ಹಾರಂಗಿಗೆ ಬರಬೇಕು.

ಮೊದಲು ಇಲ್ಲಿಯ ಗಾಳಿಯ ವಿಷಯ. ಪಶ್ಚಿಮಕ್ಕೆ ಕೊಡಗಿನ ಬೆಟ್ಟಗಳು, ಪೂರ್ವಕ್ಕೆ ಅಣೆಕಟ್ಟು, ಅದರಾಚೆ ಕುಶಾಲನಗರದ ಬಯಲು. ರಾತ್ರಿ ಬೆಟ್ಟದ ಮೇಲಿನ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಕಣಿವೆ ಹಿಡಿದು ಕೆಳಗಿಳಿಯುತ್ತದೆ. ಬೆಳಿಗ್ಗೆ ಮಂಜು ಕವಿದಿರುವಾಗ ಸಿಗುವುದು ಈ ಮೆಲುಗಾಳಿ ಮಾತ್ರ, ಅದೂ ಪಶ್ಚಿಮದಿಂದ. ಬಿಸಿಲೇರಿದ ಮೇಲೆ ಅದು ಸಾಯುತ್ತದೆ. ಆಮೇಲೆ ಅಣೆಕಟ್ಟಿನ ಕಡೆಯಿಂದ ಮೂಡಣ ಗಾಳಿ ಶುರು. ಎರಡರ ನಡುವೆ ಏನೂ ಇಲ್ಲದ ಒಂದು ಹೊತ್ತಿದೆ. ನಮ್ಮ ರೇಸ್ ಬಹುಪಾಲು ಆ ಹೊತ್ತಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಮಧ್ಯಾಹ್ನಕ್ಕೆ ಇಟ್ಟುಕೊಳ್ಳಬಹುದಲ್ವಾ ಅಂದರೆ, ಕಾಫಿ ಕೊಯ್ಲಿನ ಸಮಯ, ಮಧ್ಯಾಹ್ನ ಎಲ್ಲರಿಗೂ ತೋಟದ ಕೆಲಸ!

ಆ ದಿನವೂ ಹಾಗೇ ಆಯಿತು. ಸ್ಟಾರ್ಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ನಿಮಿಷಕ್ಕೆ ಒಂದು ಬಾವುಟ, ನಾಲ್ಕಕ್ಕೆ ಇನ್ನೊಂದು, ಒಂದು ನಿಮಿಷ ಇರುವಾಗ ಆ ಎರಡನೆಯದು ಇಳಿಯುತ್ತದೆ. ನಾನು ವಾಚ್ ನೋಡಿ ಸೆಕೆಂಡು ಎಣಿಸುತ್ತೇನೆ, ಮಾವ ಗೆರೆ ದಾಟಿಸುತ್ತಾರೆ. ಗಾಳಿ ಕಡಿಮೆ ಇದ್ದಾಗ ಗೆರೆಯಿಂದ ದೂರ ಹೋಗಬಾರದು, ಅಷ್ಟೇ. ಹೋದರೆ ವಾಪಸ್ ಬರುವುದರಲ್ಲಿ ಎಲ್ಲರೂ ಹೊರಟಿರುತ್ತಾರೆ.

ಮೊದಲ ಬೀಟ್, ಅಂದರೆ ಗಾಳಿಗೆ ಎದುರು ಹೋಗುವ ಓಟ, ಪಶ್ಚಿಮದ ಬಾಯ್ (ನೀರಲ್ಲಿ ತೇಲುವ ಗುರುತು) ಕಡೆಗೆ. ನೇರ ಹೋಗಲಾಗದು, ಸುಮಾರು 45 ಡಿಗ್ರಿ ಓರೆಯಾಗಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಬೇಕು. ಇಂಥ ಗಾಳಿಯಲ್ಲಿ ನಾನು ಕೂರುವ ಜಾಗ ಗಾಳಿ ಬರುವ ಕಡೆ ಅಲ್ಲ, ಅದರ ಎದುರು ಬದಿ, ಆದಷ್ಟು ಮುಂದೆ. ದೋಣಿ ಸ್ವಲ್ಪ ವಾಲಿದರೆ ಹಾಯಿ ತನ್ನ ಭಾರಕ್ಕೇ ಜೋತು ಆಕಾರ ಪಡೆಯುತ್ತದೆ. ನೀರಿಗೆ ತಾಗುವ ತಳವೂ ಕಡಿಮೆಯಾಗುತ್ತದೆ. ಹಾಗೆ ಮುದುಡಿ ಕೂತರೆ ಕಾಲು ಜೋಮು ಹಿಡಿಯುತ್ತದೆ. ಆದರೂ ಅಲುಗಾಡುವಂತಿಲ್ಲ. ಜಿಬ್ ಬಿಗಿಯಾಗಿ ಎಳೆಯುವಂತೆಯೂ ಇಲ್ಲ. ಹಾಯಿಗೆ ಅಂಟಿಸಿದ ಉಣ್ಣೆ ದಾರಗಳು ಎರಡೂ ಬದಿ ಹಿಂದಕ್ಕೆ ಹರಿಯುತ್ತಿದ್ದರೆ ಸರಿ. ಒಳಬದಿಯ ದಾರ ಮೇಲಕ್ಕೆ ಹಾರಿದರೆ ಹಗ್ಗ ತುಸು ಎಳೆಯಬೇಕು, ಹೊರಬದಿಯದು ಪಟಪಟ ಅಂದರೆ ತುಸು ಬಿಡಬೇಕು.

ಕೈಗೆ ಇಷ್ಟೇ ಕೆಲಸ. ಉಳಿದದ್ದೆಲ್ಲ ಕಣ್ಣಿಗೆ ಮತ್ತು ಬಾಯಿಗೆ. ಮಾವ ಹಾಯಿ ನೋಡುತ್ತಾರೆ, ನಾನು ದೂರ ನೋಡುತ್ತೇನೆ. ದೂರದ ನೀರು ಕಪ್ಪಗಾದರೆ ಗಾಳಿ ಅಲ್ಲಿ ತಾಗಿದೆ ಎಂದರ್ಥ. ದಡದಲ್ಲಿರುವ ತೋಟದ ಕೆಲಸಗಾರರ ಲೈನ್ ಮನೆಗಳ ಹೊಗೆ ಯಾವ ಕಡೆ ವಾಲಿದೆ, ಒಣಕೊಂಬೆಯ ಮೇಲಿನ ನೀರುಕಾಗೆ ಯಾವ ಕಡೆ ಮುಖ ಮಾಡಿದೆ, ಎಲ್ಲ ಲೆಕ್ಕಕ್ಕೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿಯೇ ಕೂರುತ್ತವೆ. ಇದು ನನಗೆ ದಿಕ್ಸೂಚಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ.

ಹೇಳುವುದಕ್ಕೂ ಒಂದು ಕ್ರಮ ಇದೆ. "ಗಾಳಿ, ಬಲದಿಂದ, ನಾಲ್ಕು, ಮೂರು, ಎರಡು..." ಅಷ್ಟೇ. "ಮಾವ, ತಿರುಗಿಸಿ" ಅಂತ ನಾನು ಹೇಳುವುದಿಲ್ಲ. ನಾನು ಕಂಡದ್ದು ಹೇಳುತ್ತೇನೆ, ಏನು ಮಾಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಇಬ್ಬರೂ ತೀರ್ಮಾನ ಮಾಡಲು ಹೊರಟ ದೋಣಿಗಳ ಜಗಳ ದಡದವರೆಗೂ ಕೇಳಿಸುತ್ತದೆ.

ಆ ಬೀಟ್‌ನಲ್ಲಿ ಎರಡೂ ದಡದ ಕೊಲ್ಲಿಗಳಿಂದ (ಬೆಟ್ಟದ ಕಿರುಕಣಿವೆಗಳಿಂದ) ಬೇರೆ ಬೇರೆ ಗಾಳಿ ಇಳಿಯುತ್ತಿತ್ತು. ಕೊಲ್ಲಿಯ ಬಾಯಿಂದ ಹೊರಬಂದ ಗಾಳಿ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ಅದರ ಒಂದು ಅಂಚಿನಲ್ಲಿ ನಮಗೆ ಬಾಯ್ ಕಡೆ ಹೆಚ್ಚು ನೇರವಾಗಿ ಹೋಗಲು ದಾರಿ ಸಿಕ್ಕರೆ, ಇನ್ನೊಂದು ಅಂಚಿನಲ್ಲಿ ದೋಣಿಯ ಮೂತಿ ಪಕ್ಕಕ್ಕೆ ಸರಿಯುತ್ತದೆ. ನಾನು ಎದುರು ದಡದ ಸಿಲ್ವರ್ ಓಕ್ ಸಾಲನ್ನು ಗುರುತು ಇಟ್ಟುಕೊಂಡಿದ್ದೆ. ಮೂತಿ ಆ ಸಾಲು ಬಿಟ್ಟು ಗಾಳಿಯಿಂದ ಆಚೆಗೆ ಸರಿದು ಅಲ್ಲೇ ನಿಂತರೆ "ಸರಿಯಿತು" ಅನ್ನುತ್ತಿದ್ದೆ, ಮಾವ ಟ್ಯಾಕ್ ಮಾಡುತ್ತಿದ್ದರು, ಅಂದರೆ ದೋಣಿಯನ್ನು ಇನ್ನೊಂದು ಓರೆಗೆ ತಿರುಗಿಸುತ್ತಿದ್ದರು. ಕ್ಷಣ ಸರಿದು ವಾಪಸ್ ಬಂದರೆ ಸುಮ್ನೆ ಇರುತ್ತಿದ್ದೆ. ಮೆಲುಗಾಳಿಯಲ್ಲಿ ಪ್ರತಿ ಟ್ಯಾಕ್‌ಗೂ ವೇಗ ಸಾಯುತ್ತದೆ, ಪ್ರತಿ ಸಣ್ಣ ತಿರುವಿಗೂ ಟ್ಯಾಕ್ ಮಾಡಿದರೆ ಲಾಭಕ್ಕಿಂತ ನಷ್ಟ ಜಾಸ್ತಿ.

ಬಾಯ್ ಸುತ್ತಿದಾಗ ನಾವು ನಾಲ್ಕನೆಯವರು. ಅಲ್ಲಿಂದ ಪೂರ್ವಕ್ಕೆ, ಗಾಳಿ ಬೆನ್ನಿಗೆ. ತಳದಿಂದ ನೀರಿಗಿಳಿಯುವ ಹಲಗೆ ಸೆಂಟರ್‌ಬೋರ್ಡನ್ನು ಮೇಲೆತ್ತಿದೆ, ಜಿಬ್ ಅನ್ನು ಕೋಲಿನಿಂದ ಇನ್ನೊಂದು ಬದಿಗೆ ಚಾಚಿ ನಿಲ್ಲಿಸಿದೆ. ಸಾಮಾನ್ಯವಾಗಿ ಇಲ್ಲಿ ಹಿಂದೆ ತಿರುಗಿ ನೋಡುತ್ತಿರಬೇಕು, ಗಾಳಿ ಬರುವುದು ಅಲ್ಲಿಂದ ತಾನೆ. ಆದರೆ ಮಂಜು ಪೂರ್ತಿ ಹರಿದಿತ್ತು, ಬಿಸಿಲು ಸುಡತೊಡಗಿತ್ತು. ಹಾಗಾಗಿ ಮುಂದೆಯೂ ನೋಡುತ್ತಿದ್ದೆ. ಪೂರ್ವದಂಡೆಯಲ್ಲಿ ಒಂದು ಹೊಗೆ ನೆಟ್ಟಗೆ ಮೇಲೇಳುತ್ತಿದ್ದದ್ದು ನಮ್ಮ ಕಡೆಗೇ ಬಾಗಿತು.

"ಮಾವ, ಮುಂದಿನ ಹೊಗೆ ತಿರುಗಿದೆ."

"ಎಷ್ಟು ದೂರ?"

"ನೀರು ಇನ್ನೂ ಕಪ್ಪಾಗಿಲ್ಲ."

"ಕೋಲು ತೆಗೆಯಮ್ಮಾ."

ಕೋಲು ತೆಗೆದೆ, ಬೋರ್ಡ್ ಪೂರ್ತಿ ಇಳಿಸಿದೆ, ಎರಡೂ ಜಿಬ್ ಹಗ್ಗ ಸಡಿಲ ಮಾಡಿ ಕೈಯಲ್ಲಿಟ್ಟುಕೊಂಡೆ. ಒಂದೆರಡು ನಿಮಿಷ ದೋಣಿ ನಿಂತೇಬಿಟ್ಟಿತು. ಪಕ್ಕದ ದೋಣಿಯವರು ನಮ್ಮನ್ನು ನೋಡಿ ನಗುತ್ತಿದ್ದರು. ಆಮೇಲೆ ಕಪ್ಪು ಗೆರೆ ಬಂತು. ಕೋಲು ಚಾಚಿಕೊಂಡೇ ಇದ್ದವರ ಹಾಯಿ ಹಿಂದಕ್ಕೆ ಮಡಚಿ ದೋಣಿ ಹಿಮ್ಮುಖವಾಗಿ ಸರಿಯಿತು. ನಾವು ಹಗ್ಗ ಎಳೆದುಕೊಂಡು ಹೊರಟೆವು. ಅಲ್ಲೇ ಇಬ್ಬರನ್ನು ದಾಟಿದೆವು.

ಈಗ ಅದೇ ದಾರಿ ಬೀಟ್ ಆಗಿತ್ತು. ಮೂಡಣ ಗಾಳಿ ತುಣುಕು ತುಣುಕಾಗಿ ಮೇಲಿನಿಂದ ಬೀಳುತ್ತದೆ. ಮೇಲಿನ ಗಾಳಿಗೆ ನೆಲದ ತಡೆ ಕಡಿಮೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಅದು ನೀರ ಮೇಲಿನ ಗಾಳಿಗಿಂತ ತುಸು ಬಲಕ್ಕೆ ತಿರುಗಿರುತ್ತದೆ. ಹಾಗಾಗಿ ಜೋರುಗಾಳಿ ಬಂದಾಗ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿದ್ದರೆ ಲಾಭ, ಅಂದರೆ ಗಾಳಿ ನಮ್ಮ ಬಲಗಡೆಯಿಂದ ಬೀಳುತ್ತಿರಬೇಕು. ಎಡಗಡೆಯಿಂದ ಗಾಳಿ ಬೀಳುವ ಪೋರ್ಟ್ ಟ್ಯಾಕ್‌ನವರು ನಮಗೆ ದಾರಿ ಬಿಡಬೇಕೆಂಬ ನಿಯಮವೂ ಜೊತೆಗಿದೆ. ಗುಡ್ಡದ ಹತ್ತಿರ ಹೋದರೆ ಮಾತ್ರ ಈ ಲೆಕ್ಕ ನಡೆಯದು, ಅಲ್ಲಿ ಗುಡ್ಡ ಹೇಳಿದ ಕಡೆ ಗಾಳಿ. ನಾವು ನಡುನೀರಿನಲ್ಲೇ ಉಳಿದೆವು.

ನನ್ನ ಹಗುರ ದೇಹ ಇಲ್ಲಿ ಸಾಕಾಗಲಿಲ್ಲ. ಪಟ್ಟಿಗೆ ಪಾದ ಸಿಕ್ಕಿಸಿ ಪೂರ್ತಿ ಹೊರಕ್ಕೆ ಬಾಗಿದರೂ ದೋಣಿ ವಾಲುತ್ತಿತ್ತು, ಮಾವ ದೊಡ್ಡ ಹಾಯಿ ಸಡಿಲಿಸಿ ಸಂಭಾಳಿಸಿದರು. ಆಗಲೂ ಎಣಿಕೆ ನಿಲ್ಲಿಸಲಿಲ್ಲ. ಗಾಳಿ ತಾಗುವ ಮೊದಲೇ ಮೈ ಹೊರಗಿದ್ದರೆ ಅದು ವೇಗವಾಗುತ್ತದೆ, ತಾಗಿದ ಮೇಲೆ ಬಾಗಿದರೆ ದೋಣಿ ಪಕ್ಕಕ್ಕೆ ಜಾರುತ್ತದೆ.

ರೇಸ್ ಕಮಿಟಿಯವರು ಪೂರ್ವದ ಬಾಯ್ ಹತ್ತಿರ ರೇಸ್ ಮೊಟಕಾಯಿತೆಂದು ಹೇಳುವ ಎಸ್ ಬಾವುಟ ಹಾರಿಸಿ ಅಲ್ಲಿಗೇ ಮುಗಿಸಿದರು. ನಾವು ಎರಡನೆಯವರು. ಗೆದ್ದ ದೋಣಿ ನಮಗಿಂತ ಎಷ್ಟೋ ಮುಂದಿತ್ತು, ಮೂಡಣ ಗಾಳಿ ಅವರಿಗೇ ಮೊದಲು ಸಿಕ್ಕಿತ್ತು. ಅವರ ಕ್ರೂ ಕೂಡ ಕೋಲು ಮೊದಲೇ ತೆಗೆದಿದ್ದಳಂತೆ. ಅವಳು ನೋಡಿದ್ದು ಹೊಗೆಯನ್ನಲ್ಲ, ಅಣೆಕಟ್ಟಿನ ಕಡೆಯಿದ್ದ ಕೊಕ್ಕರೆಗಳನ್ನು.