ಪಾಪನಿವೇದನೆಗೆ ಸಿದ್ಧರಾಗುವುದು ಹೇಗೆ?

ವಿಭೂತಿ ಬುಧವಾರದಿಂದ ಪಾಸ್ಖ (ಈಸ್ಟರ್) ಹಬ್ಬದವರೆಗಿನ ತಪಸ್ಸುಕಾಲದಲ್ಲಿ ಕಥೋಲಿಕ ದೇವಾಲಯಗಳಲ್ಲಿ ಪಾಪನಿವೇದನೆಗೆ, ಅಂದರೆ ಗುರುಗಳ (ಪಾದ್ರಿಗಳ) ಮುಂದೆ ತಮ್ಮ ಪಾಪಗಳನ್ನು ಒಪ್ಪಿಕೊಂಡು ಕ್ಷಮೆ ಪಡೆಯಲು, ನಿಲ್ಲುವವರ ಸಾಲುಗಳು ಉದ್ದವಾಗುತ್ತವೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಕುಮ್ಸಾರ್ ಎನ್ನಲಾಗುವ ಈ ಸಂಸ್ಕಾರಕ್ಕೆ ವರ್ಷಕ್ಕೊಮ್ಮೆಯಾದರೂ ಬರಬೇಕೆಂಬ ಕಟ್ಟಳೆ 1215ರಲ್ಲಿ ಬಿಷಪರು ಸೇರಿದ ನಾಲ್ಕನೇ ಲ್ಯಾಟೆರನ್ ಮಹಾಸಭೆಯಷ್ಟು ಹಳೆಯದು. 1983ರ ಧರ್ಮಸಭಾ (ಚರ್ಚ್) ಕಾನೂನು ಸಂಹಿತೆಯೂ ಗಂಭೀರ ಪಾಪಗಳ ವಿಷಯದಲ್ಲಿ ಅದನ್ನು ಉಳಿಸಿಕೊಂಡಿದೆ. ಸಾಲಿನಲ್ಲಿ ನಿಂತ ವಯಸ್ಕರಲ್ಲಿ ಹಲವರು ಬಾಲ್ಯದಲ್ಲಿ ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ ವೇಳೆ ಕಲಿತ ಪಟ್ಟಿಯನ್ನೇ, ಅಂದರೆ ಸುಳ್ಳು ಹೇಳಿದೆ, ಸಿಟ್ಟು ಮಾಡಿದೆ, ಪ್ರಾರ್ಥನೆ ತಪ್ಪಿಸಿದೆ ಎಂಬುದನ್ನೇ, ಇಂದಿಗೂ ಒಪ್ಪಿಸುತ್ತಾರೆ. ಇನ್ನು ಕೆಲವರು ಕ್ರಮ ಮರೆತುಹೋಗಿದೆ ಎಂಬ ಸಂಕೋಚದಿಂದಲೇ ವರ್ಷಗಟ್ಟಲೆ ದೂರ ಉಳಿದಿರುತ್ತಾರೆ. ಈ ಇಬ್ಬರಿಗೂ ತಿಳಿದಿರಬೇಕಾದ ಸಂಗತಿಯೆಂದರೆ, ಗುರುಗಳ ಮುಂದೆ ಕಳೆಯುವ ಆ ಕೆಲವು ನಿಮಿಷಗಳಿಗಿಂತ ಅದಕ್ಕೆ ಹಿಂದಿನ ಮತ್ತು ಮುಂದಿನ ಕೆಲಸವೇ ಹೆಚ್ಚಿನದು.

ಆರಂಭ ಆತ್ಮಪರಿಶೋಧನೆಯಿಂದ. ಸಾಲಿನಲ್ಲಿ ನಿಂತುಕೊಂಡು ಅವಸರದಲ್ಲಿ ನೆನಪಿಸಿಕೊಳ್ಳುವ ಬದಲು ಹಿಂದಿನ ರಾತ್ರಿಯೇ ಸ್ವಲ್ಪ ಹೊತ್ತು ಒಂಟಿಯಾಗಿ ಕುಳಿತು, ಪವಿತ್ರಾತ್ಮರ ಬೆಳಕನ್ನು ಬೇಡಿಕೊಂಡು, ಹತ್ತು ಆಜ್ಞೆಗಳನ್ನು ಒಂದೊಂದಾಗಿ ತಮ್ಮ ಈಗಿನ ಬದುಕಿಗೆ ಹಚ್ಚಿ ನೋಡಬೇಕು. ಕದಿಯಬೇಡ ಎಂಬ ಏಳನೆಯ ಆಜ್ಞೆ ಜೇಬುಗಳ್ಳರಿಗೆ ಮಾತ್ರ ಹೇಳಿದ್ದಲ್ಲ. ಮನೆಗೆಲಸದವರ ಸಂಬಳವನ್ನು ತಿಂಗಳುಗಟ್ಟಲೆ ತಡೆದದ್ದು, ಆಸ್ತಿ ಪಾಲಾಗುವಾಗ ತಂಗಿಯ ಹಕ್ಕನ್ನು ಮಾತಿನಲ್ಲಿ ಮುಚ್ಚಿಹಾಕಿದ್ದು, ಕಚೇರಿಯಲ್ಲಿ ಸುಳ್ಳು ಬಿಲ್ಲು ಕೊಟ್ಟು ಹಣ ಪಡೆದದ್ದು ಇವೆಲ್ಲ ಅದರೊಳಗೇ ಬರುತ್ತವೆ. ಸುಳ್ಳುಸಾಕ್ಷಿಯ ವಿರುದ್ಧದ ಎಂಟನೆಯ ಆಜ್ಞೆಯನ್ನು ಓದುವಾಗ ವಾಟ್ಸಾಪ್ ಗುಂಪಿನಲ್ಲಿ ತಾವು ಮುಂದಕ್ಕೆ ಕಳುಹಿಸಿದ ಚಾಡಿಮಾತುಗಳನ್ನೂ ನೆನೆಯಬೇಕು. ಬಲಿಪೂಜೆಯ (ಮಾಸ್) ಆರಂಭದಲ್ಲಿ ನಾವು ಆಲೋಚನೆ, ಮಾತು, ಕ್ರಿಯೆಗಳ ಜೊತೆಗೆ ಕರ್ತವ್ಯಲೋಪವನ್ನೂ ಒಪ್ಪಿಕೊಳ್ಳುತ್ತೇವಾದರೂ, ಪರಿಶೋಧನೆಗೆ ಕುಳಿತಾಗ ಹೆಚ್ಚಿನವರು ಮರೆಯುವುದು ಈ ನಾಲ್ಕನೆಯದನ್ನೇ. ಊರಿನಲ್ಲಿ ಒಂಟಿಯಾಗಿರುವ ತಾಯಿಗೆ ಫೋನ್ ಕೂಡ ಮಾಡದೆ ಕಳೆದ ವಾರಗಳು ಯಾರ ಪಟ್ಟಿಯಲ್ಲೂ ಸುಲಭವಾಗಿ ಕಾಣಿಸಿಕೊಳ್ಳುವುದಿಲ್ಲ.

ಹೀಗೆ ನೆನಪಾದದ್ದೆಲ್ಲ ಒಂದೇ ತೂಕದ್ದಲ್ಲ. ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂಬ ಪೂರ್ಣ ಅರಿವಿರಬೇಕು, ಸ್ವಇಚ್ಛೆಯ ಸಮ್ಮತಿಯಿರಬೇಕು. ಈ ಮೂರೂ ಕೂಡಿದಾಗ ಮಾತ್ರ ಅದು ಮಾರಕ ಪಾಪವಾಗುತ್ತದೆ ಎಂದು ಧರ್ಮಸಭೆ ಬೋಧಿಸುತ್ತದೆ. ಅಂಥ ಪಾಪವನ್ನು ನಿವೇದಿಸದೆ ಸಾಮಾನ್ಯವಾಗಿ ಪರಮಪ್ರಸಾದ ಸ್ವೀಕರಿಸುವಂತಿಲ್ಲ. ಲಘು ಪಾಪಗಳ ನಿವೇದನೆ ಕಡ್ಡಾಯವಲ್ಲದಿದ್ದರೂ ಹಿತಕರ. ಎಲ್ಲವೂ ಮಾರಕವೇ ಇರಬಹುದೆಂಬ ಅನುಮಾನದಲ್ಲಿ ನರಳುವವರು ಪ್ರತಿಸಲವೂ ಬೇರೆ ಬೇರೆ ಗುರುಗಳನ್ನು ಹುಡುಕುವ ಬದಲು, ತಮ್ಮನ್ನು ಬಲ್ಲ ಒಬ್ಬರ ಬಳಿಯೇ ಹೋಗಿ ಅವರ ಮಾತಿನಂತೆ ನಡೆಯುವುದು ಮೇಲು.

ಪಟ್ಟಿ ಸಿದ್ಧವಾದ ಮಾತ್ರಕ್ಕೆ ಮನಸ್ಸು ಸಿದ್ಧವಾಗುವುದಿಲ್ಲ. 1551ರಲ್ಲಿ ಟ್ರೆಂಟ್ ಮಹಾಸಭೆಯು ನಿವೇದಕನ ಪಾಲಿನ ಕೆಲಸಗಳನ್ನು ಪಶ್ಚಾತ್ತಾಪ, ನಿವೇದನೆ, ಪ್ರಾಯಶ್ಚಿತ್ತ ಎಂದು ಎಣಿಸುವಾಗ ಪಶ್ಚಾತ್ತಾಪವನ್ನೇ ಮೊದಲಿಗಿಟ್ಟಿತು. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ್ದು ಪರಿಪೂರ್ಣ ಪಶ್ಚಾತ್ತಾಪ. ಶಿಕ್ಷೆಯ ಭಯದಿಂದಲೋ ಪಾಪದ ಹೇಸಿಗೆಯಿಂದಲೋ ಹುಟ್ಟಿದ್ದು ಅಪೂರ್ಣವಾದರೂ ಈ ಸಂಸ್ಕಾರಕ್ಕೆ ಬರಲು ಸಾಕಾಗುತ್ತದೆ. ಕಣ್ಣೀರು ಬರಲೇಬೇಕೆಂದಿಲ್ಲ. ಮತ್ತೆ ಮಾಡುವುದಿಲ್ಲವೆಂಬ ಪ್ರಾಮಾಣಿಕ ಸಂಕಲ್ಪ ಮತ್ತು ಪಾಪಕ್ಕೆ ಎಳೆಯುವ ಸಂದರ್ಭಗಳಿಂದ ದೂರವಿರುವ ನಿರ್ಧಾರ ಮಾತ್ರ ಬೇಕೇ ಬೇಕು. ಮುಂದೆ ಎಡವಬಹುದೆಂಬ ಅಳುಕು ಈ ಸಂಕಲ್ಪವನ್ನು ಸುಳ್ಳಾಗಿಸುವುದಿಲ್ಲ. ಲಂಚದ ಮುಂದಿನ ಕಂತನ್ನು ಎದುರುನೋಡುತ್ತಲೇ ಹಿಂದಿನ ಕಂತಿಗೆ ಕ್ಷಮೆ ಬೇಡುವುದು ಸುಳ್ಳಾಗಿಸುತ್ತದೆ.

ಪಾಪನಿವೇದನೆಯ ಸಮಯವನ್ನು ಧರ್ಮಕೇಂದ್ರದ (ಪ್ಯಾರಿಷ್) ಕಚೇರಿಯಲ್ಲಿ ವಿಚಾರಿಸಿಕೊಳ್ಳಬಹುದು. ಬಹಳ ವರ್ಷಗಳ ನಂತರ ಬರುವವರು ಹಬ್ಬದ ಜನಜಂಗುಳಿಯನ್ನು ತಪ್ಪಿಸಿ, ಗುರುಗಳಿಗೆ ಮೊದಲೇ ತಿಳಿಸಿ ಸಾಮಾನ್ಯ ದಿನವೊಂದರಲ್ಲಿ ಬರುವುದು ಒಳ್ಳೆಯದು. ಮುಖ ಕಾಣದಂತೆ ಜಾಲರಿಯ ಹಿಂದಿನಿಂದ ಮಾತನಾಡುವ ಅವಕಾಶವನ್ನು ಕಾನೂನು ಸಂಹಿತೆಯೇ ಕಾದಿರಿಸಿದೆ. ಫೋನ್ ಅಥವಾ ವಿಡಿಯೊ ಕರೆಯ ಮೂಲಕ ಈ ಸಂಸ್ಕಾರ ನಡೆಯುವುದಿಲ್ಲ. ನಾಚಿಕೆ ಕಾಡುವವರು ಇದನ್ನು ನೆನೆಯಬಹುದು: 2014ರ ಮಾರ್ಚ್ 28ರಂದು ಪೋಪ್ ಫ್ರಾನ್ಸಿಸ್ ಸಂತ ಪೇತ್ರರ ಮಹಾದೇವಾಲಯದಲ್ಲಿ ಎಲ್ಲರ ಕಣ್ಣೆದುರೇ ಒಬ್ಬ ಗುರುವಿನ ಮುಂದೆ ಮಂಡಿಯೂರಿ ಪಾಪನಿವೇದನೆ ಮಾಡಿದರು.

ಒಳಗೆ ಹೋದ ಮೇಲೆ ಶಿಲುಬೆಯ ಗುರುತು ಹಾಕಿ, ಆಶೀರ್ವಾದ ಬೇಡಿ, ಕಳೆದ ನಿವೇದನೆ ಯಾವಾಗ ಆಯಿತೆಂದು ತಿಳಿಸಬೇಕು. ಕ್ರಮ ಮರೆತಿದ್ದರೆ ಹಾಗೆಂದು ಹೇಳಿದರಾಯಿತು, ಗುರುಗಳು ನಡೆಸಿಕೊಂಡು ಹೋಗುತ್ತಾರೆ. ಮಾರಕ ಪಾಪಗಳ ಬಗೆಯನ್ನೂ, ನೆನಪಿದ್ದ ಮಟ್ಟಿಗೆ ಅವು ಎಷ್ಟು ಸಲ ನಡೆದವೆಂಬುದನ್ನೂ ಹೇಳಬೇಕು, ಕಥೆಯನ್ನು ಹೇಳಬೇಕಿಲ್ಲ. ಅತ್ತೆಯ ಅಥವಾ ನೆರೆಯವರ ತಪ್ಪುಗಳನ್ನು ವಿವರಿಸುತ್ತಾ ಕೂರುವುದು ಪಾಪನಿವೇದನೆಯಲ್ಲ. ಪಾಪದಲ್ಲಿ ಜೊತೆಗಿದ್ದವರ ಹೆಸರನ್ನು ಗುರುಗಳು ಕೇಳುವಂತೆಯೇ ಇಲ್ಲ. ಮರೆತ ಪಾಪವೂ ಕ್ಷಮೆಯೊಳಗೇ ಸೇರುತ್ತದೆ, ಅದು ಮಾರಕವಾಗಿದ್ದರೆ ಮುಂದಿನ ಸಲ ಹೇಳಬೇಕು. ಬೇಕೆಂದೇ ಮಾರಕ ಪಾಪವನ್ನು ಮುಚ್ಚಿಟ್ಟರೆ ಮಾತ್ರ ಇಡೀ ನಿವೇದನೆಯೇ ನಿಷ್ಫಲ. ಬಳಿಕ ಗುರುಗಳು ಒಂದೆರಡು ಹಿತನುಡಿ ಹೇಳಿ ಪ್ರಾಯಶ್ಚಿತ್ತ ವಿಧಿಸುತ್ತಾರೆ, ನಿವೇದಕರು ಪಶ್ಚಾತ್ತಾಪದ ಪ್ರಾರ್ಥನೆ ಹೇಳುತ್ತಾರೆ, ಪಿತ, ಸುತ ಮತ್ತು ಪವಿತ್ರಾತ್ಮರ ನಾಮದಲ್ಲಿ ಗುರುಗಳು ನೀಡುವ ಪಾಪವಿಮೋಚನೆಗೆ ಆಮೆನ್ ಎನ್ನುತ್ತಾರೆ. ಅಲ್ಲಿ ಕೇಳಿದ್ದನ್ನು ಗುರುಗಳು ಪೊಲೀಸರಿಗಾಗಲಿ ನ್ಯಾಯಾಲಯಕ್ಕಾಗಲಿ ಹೇಳುವಂತಿಲ್ಲ. ಗುಟ್ಟನ್ನು ನೇರವಾಗಿ ಮುರಿದ ಗುರು ತಕ್ಷಣವೇ ಬಹಿಷ್ಕೃತನಾಗುತ್ತಾನೆ.

ಹೊರಬಂದ ಮೇಲೆ ವಿಧಿಸಿದ ಪ್ರಾರ್ಥನೆಯನ್ನು ಸಾಧ್ಯವಾದರೆ ಅಲ್ಲೇ ಮುಗಿಸಬೇಕು. ಕಠಿಣವಾದದ್ದು ಅದರ ನಂತರ ಶುರುವಾಗುತ್ತದೆ, ಮತ್ತು ಹೆಚ್ಚಿನವರು ಕೈಬಿಡುವುದೂ ಇದನ್ನೇ. ಪಾಪವಿಮೋಚನೆ ಪಾಪವನ್ನು ನೀಗಿಸಿದರೂ ಅದು ಎಸಗಿದ ಹಾನಿಯನ್ನು ತಾನಾಗಿ ಸರಿಪಡಿಸುವುದಿಲ್ಲ. ಲೂಕನ ಶುಭಸಂದೇಶದಲ್ಲಿ ಸುಂಕದವನಾದ ಜಕ್ಕಾಯನು ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಮತ್ತಾಯನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯೇಸು, ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೊಂಡು ಬಾ ಎಂದರು. ತಡೆದ ಸಂಬಳವನ್ನು ಕೊಡಬೇಕು, ತಂಗಿಯ ಪಾಲನ್ನು ಬರೆದುಕೊಡಬೇಕು, ಚಾಡಿಯನ್ನು ಯಾವ ಗುಂಪಿನಲ್ಲಿ ಹರಡಿದೆವೋ ಅಲ್ಲೇ ತಪ್ಪೊಪ್ಪಿಕೊಳ್ಳಬೇಕು. ಕದ್ದದ್ದನ್ನು ಹೆಸರು ಹೇಳದೆಯೂ ಹಿಂದಿರುಗಿಸಬಹುದು. ನೇರವಾಗಿ ಕ್ಷಮೆ ಕೇಳಿದರೆ ಎದುರಿನವರ ಗಾಯ ಇನ್ನಷ್ಟು ಕೆದಕಿದಂತಾಗುವ ಪ್ರಸಂಗಗಳೂ ಉಂಟು. ಅಲ್ಲಿ ಏನು ಮಾಡಬೇಕೆಂಬುದನ್ನು ನಿವೇದನೆಯ ವೇಳೆಯಲ್ಲೇ ಗುರುಗಳನ್ನು ಕೇಳಿಕೊಳ್ಳಬೇಕು.

ಗುರುಗಳು ಸಿಗದ ಸ್ಥಿತಿಯಲ್ಲಿರುವವರ ಬಗ್ಗೆ ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ 20ರಂದು, ವ್ಯಾಟಿಕನ್ ಹಳೆಯ ಬೋಧನೆಯನ್ನೇ ಮತ್ತೆ ಸ್ಪಷ್ಟಪಡಿಸಿತು: ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪವೂ, ಸಾಧ್ಯವಾದೊಡನೆ ಪಾಪನಿವೇದನೆ ಮಾಡುವ ದೃಢಸಂಕಲ್ಪವೂ ಇದ್ದರೆ ಮಾರಕ ಪಾಪಗಳಿಗೂ ಕ್ಷಮೆ ದೊರೆಯುತ್ತದೆ. ಆಸ್ಪತ್ರೆಯಲ್ಲಿರುವವರು ಅಥವಾ ಹಾಸಿಗೆ ಹಿಡಿದ ಹಿರಿಯರು ಇರುವ ಮನೆಯವರು ಧರ್ಮಕೇಂದ್ರಕ್ಕೆ ತಿಳಿಸಿದರೆ ಗುರುಗಳು ಅವರಿದ್ದಲ್ಲಿಗೇ ಬರುತ್ತಾರೆ. ಕೊನೆಯ ಗಳಿಗೆಯವರೆಗೆ ಕಾಯದೆ, ರೋಗಿ ನಿರಾಳವಾಗಿ ಮಾತನಾಡಬಲ್ಲ ದಿನಗಳಲ್ಲೇ ಗುರುಗಳನ್ನು ಕರೆಸಬೇಕು.