ಉಪ್ಪಿನ ಮರಿಗೆಯನ್ನು ಬರಿದು ಮಾಡಬೇಡಿ

ಕರಾವಳಿ ಮತ್ತು ಮಲೆನಾಡಿನ ಹಳೆಯ ಅಡುಗೆಮನೆಗಳಲ್ಲಿ ಒಲೆಯ ಮಗ್ಗುಲಲ್ಲೇ ಇರುತ್ತಿದ್ದ ಉಪ್ಪಿನ ಮರಿಗೆಯನ್ನು, ಅಂದರೆ ಉಪ್ಪು ತುಂಬಿಡುವ ಮರದ ಪಾತ್ರೆಯನ್ನು, ಈಗ ಹಲವರು ಅಟ್ಟದಿಂದ ಇಳಿಸಿ, ತಿಕ್ಕಿ ತೊಳೆದು, ವಾರ್ನಿಷ್ ಬಳಿದು ಜಗಲಿಯಲ್ಲಿ ಅಲಂಕಾರಕ್ಕೆ ಇಡುತ್ತಿದ್ದಾರೆ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದು ಸೀಳು ಬಿಟ್ಟಿತೆಂದು ಕೊರಗುವವರೂ ಅವರೇ. ಎಷ್ಟೋ ವರ್ಷ ಉಪ್ಪುಂಡು ತಂಪಾಗಿದ್ದ ಮರವನ್ನು ಒಮ್ಮೆಲೇ ಒಣಗಿಸಿದರೆ ಅದು ಬಿರಿಯದೆ ಇನ್ನೇನಾದೀತು?

ಹಲಸಿನಂತಹ ಮರದ ಒಂದೇ ದಿಮ್ಮಿಯನ್ನು ತೋಡಿ ಮಾಡಿದ ಮರಿಗೆಗೆ ಜೋಡಣೆಯೂ ಇಲ್ಲ, ಮೊಳೆಯೂ ಇಲ್ಲ. ಉಪ್ಪು ತಾಗಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಕಿಲುಬುಗಟ್ಟುತ್ತದೆ. ಮಣ್ಣಿನ ಗಡಿಗೆಯಾದರೆ ಉಪ್ಪುನೀರು ಹೊರಮೈಗೆ ಒಸರಿ, ಬಿಳಿಯ ಹರಳುಗಟ್ಟಿ, ಗಡಿಗೆಯೇ ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಶುದ್ಧ ಉಪ್ಪು ಕೂಡ ಗಾಳಿಯ ತೇವ ಸುಮಾರು ಶೇ. 75 ದಾಟಿದರೆ ನೀರಾಗತೊಡಗುತ್ತದೆ; ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಕಡೆ ಗದ್ದೆಯಲ್ಲಿ ಬೆಳೆಯುವ ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಲವಣವೂ ಇರುವುದರಿಂದ ಅದು ಇನ್ನೂ ಬೇಗ ಪಸೆಯಾಗುತ್ತದೆ. ಆಷಾಢದ ಆ ಪಸೆಯನ್ನು ಮರ ಹೀರಿಕೊಂಡು, ಒಲೆಯ ಕಾವಿಗೆ ಮೆಲ್ಲಗೆ ಬಿಟ್ಟುಕೊಡುತ್ತದೆ. ಆದ್ದರಿಂದ ಮರಿಗೆಯನ್ನು ಒಲೆಗೆ ಸಮೀಪ, ಆದರೆ ಉರಿ ತಾಗದಷ್ಟು ದೂರದಲ್ಲಿ, ಒಂದು ಹಲಗೆಯ ತುಂಡಿನ ಮೇಲೆ ಇಡಿ. ಮಳೆಗಾಲದಲ್ಲಿ ಹೊರಮೈ ಬೆವರಿದರೆ ಗಾಬರಿಯಾಗದೆ ಒಣಬಟ್ಟೆಯಿಂದ ಒರೆಸಿದರೆ ಸಾಕು. ಒಳಗೆ ಸ್ಟೀಲ್ ಚಮಚ ಬಿಡಬೇಡಿ, ಅದರಲ್ಲೂ ಕಲೆ ಬೀಳುತ್ತದೆ. ತೆಂಗಿನ ಗೆರಟೆಯದೇ ಒಳ್ಳೆಯದು.

ಹಳೆಯ ಸಾಮಾನಿನ ಅಂಗಡಿಯಲ್ಲಿ ಮರಿಗೆ ಕೊಳ್ಳುವವರು ಮೊದಲು ಮೂಸಿ ನೋಡಬೇಕು. ಪಾಲಿಶ್, ಬಣ್ಣ ಅಥವಾ ಸೀಮೆಎಣ್ಣೆಯ ವಾಸನೆ ಬಂದರೆ ಅದು ಅಡುಗೆಮನೆಗೆ ಬೇಡ. ಸಣ್ಣ ತೂತುಗಳಿಂದ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ ಎಂದೇ ತಿಳಿಯಿರಿ. ಹೊಸದಾಗಿ ತೋಡಿಸಿದ ಹಲಸಿನ ಮರಿಗೆಯಲ್ಲಿ ಮೊದಲ ಉಪ್ಪು ತುಸು ಹಳದಿಯಾದರೆ ಅದು ಮರದ ತಿರುಳಿನ ಬಣ್ಣವಷ್ಟೇ.

ಪೊಟ್ಟಣದ ಅಯೋಡೀನ್ ಉಪ್ಪನ್ನು ಮಾತ್ರ ಇದಕ್ಕೆ ಸುರಿಯಬೇಡಿ. ತೇವ ತಾಗಿ ತೆರೆದಿದ್ದರೆ ಅಯೋಡೀನ್ ಕಡಿಮೆಯಾಗುತ್ತದೆ. ದಿನದ ಅಡುಗೆಗೆ ಅದನ್ನೇ ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿಟ್ಟು ಬಳಸಿ, ಉಪ್ಪಿನಕಾಯಿಗೆ, ಮಾವಿನಮಿಡಿಗೆ ಬೇಕಾದ ಕಲ್ಲುಪ್ಪನ್ನು ಮರಿಗೆಯಲ್ಲಿಡುವುದು ನನ್ನ ರೂಢಿ.

ತೊಳೆಯಲೇಬೇಕೆಂದರೆ ಚಳಿಗಾಲ ಮುಗಿಯುವಾಗ ವರ್ಷಕ್ಕೊಮ್ಮೆ ಸಾಕು. ಸೋಪು ಹಾಕದೆ, ನೀರಲ್ಲಿ ನೆನೆಸದೆ, ತೆಂಗಿನ ನಾರಿನಿಂದ ಬೇಗಬೇಗ ಉಜ್ಜಿ, ನೆರಳಿನಲ್ಲಿ ಬೋರಲು ಹಾಕಿ, ಒಳಮೈಯ ನೀರಾರಿದ ಕೂಡಲೇ ಮತ್ತೆ ಉಪ್ಪು ತುಂಬಿಸಿ. ತೆಂಗಿನೆಣ್ಣೆಯನ್ನು ಹೊರಮೈಗೆ ಬೇಕಾದರೆ ತೆಳುವಾಗಿ ಸವರಬಹುದು, ಒಳಗೆ ಸವರಿದರೆ ಕಮಟುತ್ತದೆ.